ಪದಚರ್ಚೆ: ‘ಮುಖ್ಯ ಹಣಕಾಸು ಅಧಿಕಾರಿ’ ಲೆಕ್ಕ ಬರೆಯುವವರೋ, ಹಾಕುವವರೋ, ಕೊಡುವವರೋ?

ಬಳಗದ ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದ ಬಿ.ಕಾಂ. ವಿದ್ಯಾರ್ಥಿಗಳಿಗೆಂದು ಕಂಪನಿ ಆಡಳಿತದ ಒಂದು ಅಧ್ಯಾಯವನ್ನು ಬರೆಯುತ್ತಿದ್ದೇನೆ. ವಿಷಯ ಸಿಎಫ್‌ಒ (ಚೀಫ್ ಫೈನಾನ್ಷಿಯಲ್ ಆಫೀಸರ್) ಹುದ್ದೆ. ಆ ಕುರ್ಚಿಯ ಕೆಲಸ ಹೇಗೆ ಬದಲಾಯಿತು, ಅಲ್ಲಿ ಕೂರುವವರಿಗೆ ಈಗ ಏನೆಲ್ಲ ಗೊತ್ತಿರಬೇಕು ಎಂಬುದು. ಪತ್ರಿಕೆಗಳು ‘ಮುಖ್ಯ ಹಣಕಾಸು ಅಧಿಕಾರಿ’ ಎಂದು ಬರೆದು ಮುಂದೆ ಹೋಗುತ್ತವೆ. ನೇಮಕ, ರಾಜೀನಾಮೆಗಳ ಸುದ್ದಿಗೆ ಅಷ್ಟು ಸಾಕು. ಆದರೆ ಕೆಲಸವೇ ಬದಲಾದ ಕಥೆ ಹೇಳಹೊರಟರೆ ಈ ಹೆಸರು ಎರಡನೆಯ ಪುಟದಲ್ಲೇ ಕೈಕೊಡುತ್ತದೆ. ಸಲಹೆ ಬೇಕಾಗಿದೆ.

ಕಾನೂನನ್ನು ಕೇಳೋಣ ಎಂದರೆ ಅದೂ ಜಾರಿಕೊಳ್ಳುತ್ತದೆ. 2013ರ ಕಂಪನಿ ಕಾಯ್ದೆಯ 2(19)ನೆಯ ಪ್ರಕರಣ ಕೊಡುವ ವ್ಯಾಖ್ಯೆಯ ತಿರುಳು ಇಷ್ಟೇ: ಮುಖ್ಯ ಹಣಕಾಸು ಅಧಿಕಾರಿ ಎಂದರೆ ಕಂಪನಿಯ ಮುಖ್ಯ ಹಣಕಾಸು ಅಧಿಕಾರಿಯಾಗಿ ನೇಮಕಗೊಂಡವರು. ನಿಘಂಟುಕಾರರು ಯಾರಾದರೂ ಹೀಗೆ ಬರೆದಿದ್ದರೆ ಈ ಬಳಗ ಅವರನ್ನು ಸುಮ್ಮನೆ ಬಿಡುತ್ತಿತ್ತೇ? ಅದೇ ಕಾಯ್ದೆಯ 203ನೆಯ ಪ್ರಕರಣ ಮತ್ತು ಅದರ ನಿಯಮಗಳ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತವಾದ ಎಲ್ಲ ಕಂಪನಿಗಳೂ, ಪಾವತಿಯಾದ ಬಂಡವಾಳ 10 ಕೋಟಿ ರೂಪಾಯಿ ಅಥವಾ ಹೆಚ್ಚಿರುವ ಇತರ ಸಾರ್ವಜನಿಕ ಕಂಪನಿಗಳೂ ಪೂರ್ಣಾವಧಿಯ ಸಿಎಫ್‌ಒ ಒಬ್ಬರನ್ನು ಇಟ್ಟುಕೊಳ್ಳಲೇಬೇಕು. ಹುದ್ದೆ ಕಡ್ಡಾಯ; ಕೆಲಸ ಏನೆಂಬುದನ್ನು ಮಾತ್ರ ವ್ಯಾಖ್ಯೆ ಹೇಳುವುದಿಲ್ಲ.

ಇನ್ನು ‘ಹಣಕಾಸು’. ಮುದ್ದಾದ ಜೋಡುನುಡಿ. ಹಣ ಎಂದರೆ ಪುಟ್ಟ ಚಿನ್ನದ ನಾಣ್ಯ, ಮೈಸೂರಿನ ಕಂಠೀರವ ಹಣದಂತೆ. ಕಾಸು ಎಂದರೆ ತಾಮ್ರದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ನಾಣ್ಯಗಳ ಮೇಲೆ ‘ಮಯಿಲಿ ಕಾಸು’ ಎಂಬ ಬರಹವನ್ನು ನಾಣ್ಯಸಂಗ್ರಾಹಕರು ನೋಡಿರುತ್ತಾರೆ. ಹೀಗೆ ಪೆಟ್ಟಿಗೆಯೊಳಗಿರುವ ದೊಡ್ಡದು ಚಿಕ್ಕದು ಎಲ್ಲವನ್ನೂ ಈ ಪದ ಬಾಚಿಕೊಳ್ಳುತ್ತದೆ. ಟೆಸ್ಲಾ ಕಂಪನಿ 2021ರ ಮಾರ್ಚ್‌ನಲ್ಲಿ ತನ್ನ ಸಿಎಫ್‌ಒಗೆ ‘ಕಾಸಿನೊಡೆಯ’ ಎಂದು ಕನ್ನಡಿಸಬಹುದಾದ ಬಿರುದನ್ನು ಅಧಿಕೃತವಾಗಿಯೇ ಕೊಟ್ಟಿತು. ಅಲ್ಲಿ ಅದು ತಮಾಷೆ. ನಮ್ಮಲ್ಲಿ ಗಂಭೀರವಾದ ಹುದ್ದೆಯ ಹೆಸರೇ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದೆ.

‘ಭಂಡಾರಿ’ ಎನ್ನಬಹುದಲ್ಲ ಎಂದು ಬಸವಣ್ಣನವರನ್ನು ನೆನೆದು ಯಾರಾದರೂ ಸೂಚಿಸಿಯೇ ಸೂಚಿಸುತ್ತೀರಿ. ಪದದ ಘನತೆಗೆ ತಲೆಬಾಗುತ್ತೇನೆ. ಆದರೆ ಭಂಡಾರ ಕಾಯುವುದು ಇಂದಿನ ಸಿಎಫ್‌ಒ ಕೈಕೆಳಗಿನ ಒಂದು ವಿಭಾಗದ ಕೆಲಸ ಮಾತ್ರ. ‘ಮುಖ್ಯ ಲೆಕ್ಕಾಧಿಕಾರಿ’ಯೂ ಒಗ್ಗದು, ಜಿಲ್ಲಾ ಪಂಚಾಯಿತಿಯಲ್ಲಿ ಆ ಹೆಸರಿನ ಹುದ್ದೆ ಈಗಾಗಲೇ ಇದೆ, ವಿದ್ಯಾರ್ಥಿ ಬಿಲ್ಲಿಗೆ ಆಕ್ಷೇಪಣೆ ಬರೆಯುವ ಅಧಿಕಾರಿಯನ್ನೇ ಕಣ್ಣಮುಂದೆ ತಂದುಕೊಳ್ಳುತ್ತಾನೆ.

ಹಾಗಾಗಿ ಹೆಸರನ್ನು ಬಿಟ್ಟು ಕ್ರಿಯಾಪದದ ಕಡೆಗೆ ಹೊರಳಿದ್ದೇನೆ. ಕನ್ನಡದಲ್ಲಿ ‘ಲೆಕ್ಕ’ದ ಜೊತೆ ಕೂಡುವ ಮೂರು ಕ್ರಿಯಾಪದಗಳು ಈ ಹುದ್ದೆಯ ಬದಲಾವಣೆಯನ್ನು ನನ್ನ ಅಧ್ಯಾಯಕ್ಕಿಂತ ಚೊಕ್ಕವಾಗಿ ಹೇಳುತ್ತವೆ ಎಂದು ನನಗನ್ನಿಸುತ್ತದೆ. ನೀವು ಒಪ್ಪುತ್ತೀರಾ ನೋಡಿ.

ಲೆಕ್ಕ ಬರೆಯುವುದು ಆಗಿಹೋದದ್ದರ ಕೆಲಸ. ಹುಬ್ಬಳ್ಳಿಯ ಅಡತಿ ಅಂಗಡಿಯ ದಿವಾಣಜಿ, ಅಂದರೆ ಲೆಕ್ಕದ ಗುಮಾಸ್ತ, ಕಿರ್ದಿಗೆ ಏರಿಸಿ ಖಾತೆಗೆ ಇಳಿಸುತ್ತಿದ್ದುದು ಇದನ್ನೇ. ಈ ಭಾಗವನ್ನು ಬಹುಮಟ್ಟಿಗೆ ಗಣಕಯಂತ್ರ ನುಂಗಿದೆ. ಬೆಂಗಳೂರಿನದೇ ಆದ ಟ್ಯಾಲಿ ತಂತ್ರಾಂಶ ಸಣ್ಣ ಅಂಗಡಿಗಳಲ್ಲೂ ಇದೆ. ಹೆಚ್ಚು ಹೇಳುವುದೇನಿಲ್ಲ.

ಲೆಕ್ಕ ಹಾಕುವುದು ಮುಂದಾಗುವುದರ ಕೆಲಸ. ಹೊಸ ಕಾರ್ಖಾನೆ ಕಟ್ಟಬೇಕೋ, ಬೇರೆ ಕಂಪನಿಯನ್ನು ಕೊಳ್ಳಬೇಕೋ, ಉಳಿದ ಹಣವನ್ನು ಷೇರುದಾರರಿಗೆ ಹಿಂದಿರುಗಿಸಬೇಕೋ? ಇದು ಕೂಡಿಸಿ ಕಳೆಯುವ ಗಣಿತವಲ್ಲ. ‘ಅವರ ಲೆಕ್ಕಾಚಾರವೇ ಬೇರೆ’ ಎನ್ನುವಾಗಿನ ಅರ್ಥ. ಇಲ್ಲಿ ಒಂದು ಸ್ವಾರಸ್ಯವಿದೆ. ಈಗ ಲೆಕ್ಕ ಬರೆಯುವುದಕ್ಕೂ ಮೊದಲು ಲೆಕ್ಕ ಹಾಕಬೇಕಾಗಿದೆ. 2016ರ ಏಪ್ರಿಲ್ 1ರಿಂದ ದೊಡ್ಡ ಕಂಪನಿಗಳಿಗೆ ಅನ್ವಯವಾದ ಇಂಡ್‌-ಎಎಸ್ ಲೆಕ್ಕಪತ್ರ ಮಾನದಂಡಗಳನ್ನೇ ನೋಡಿ. ಗಿರಾಕಿಗೆ 90 ದಿನಗಳ ಉದ್ದರಿಯಲ್ಲಿ ಸರಕು ಕೊಟ್ಟಿದ್ದೇವೆ ಎನ್ನೋಣ. ಹಿಂದೆ, ಬಾಕಿ ಬರುವುದು ಅನುಮಾನ ಎನ್ನಿಸಿದ ಮೇಲೆ ನಷ್ಟಕ್ಕೆಂದು ತೆಗೆದಿಡುತ್ತಿದ್ದರು. ಈಗ ಉದ್ದರಿ ಕೊಟ್ಟ ಕಾಲಕ್ಕೇ, ಇಂಥ ಗಿರಾಕಿಗಳಲ್ಲಿ ಎಷ್ಟು ಮಂದಿ ಕೈಯೆತ್ತಬಹುದು ಎಂದು ಅಂದಾಜು ಕಟ್ಟಿ ಅಷ್ಟನ್ನು ನಷ್ಟವೆಂದು ತೋರಿಸಬೇಕು. ಇನ್ನೊಂದು ಕಂಪನಿಯನ್ನು ಹೆಚ್ಚಿನ ಬೆಲೆಗೆ ಕೊಂಡಿದ್ದರೆ, ಅದು ಮುಂದಿನ ವರ್ಷಗಳಲ್ಲಿ ಎಷ್ಟು ನಗದು ತಂದೀತು ಎಂದು ವರ್ಷವರ್ಷವೂ ಎಣಿಸಿ, ಕೊಟ್ಟ ಬೆಲೆ ಇನ್ನೂ ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು. ಹೋದ ವರ್ಷದ ಜಮಾಖರ್ಚಿನೊಳಗೆ ಬರುವ ವರ್ಷಗಳ ಊಹೆ ಕೂತಿದೆ. ಈ ಊಹೆಗಳಿಗೆ ಉದ್ಯಮದ ಒಳಹೊರಗು ತಿಳಿದಿರಬೇಕು. ಬರಿಯ ಲೆಕ್ಕಪತ್ರದ ಜ್ಞಾನ ಸಾಲದು.

ಮೂರನೆಯದು ಲೆಕ್ಕ ಕೊಡುವುದು, ಅಥವಾ ಒಪ್ಪಿಸುವುದು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು, ಅದೂ ವ್ಯಾಕರಣದ ಕಾರಣಕ್ಕೆ. ಲೆಕ್ಕ ಬರೆಯಲು ಒಂದು ಪುಸ್ತಕವಿದ್ದರೆ ಆಯಿತು. ‘ಲೆಕ್ಕ ಕೊಡು’ ಎಂದೊಡನೆ ‘ಯಾರಿಗೆ?’ ಎಂಬ ಪ್ರಶ್ನೆ ಏಳುತ್ತದೆ. ಚತುರ್ಥಿ ವಿಭಕ್ತಿ ಇಲ್ಲದೆ ವಾಕ್ಯ ತುಂಬುವುದಿಲ್ಲ. ಹಳೆಯ ಕಾಲದ ಹಣಕಾಸು ಮುಖ್ಯಸ್ಥರಿಗೆ ಆ ಸ್ಥಾನದಲ್ಲಿ ಇದ್ದವರು ಬಹುಪಾಲು ಯಜಮಾನರೊಬ್ಬರೇ. ಈಗ ಸಾಲೇ ನಿಂತಿದೆ. ಅಮೆರಿಕದಲ್ಲಿ ಎನ್ರಾನ್ ಕಂಪನಿಯ ಸುಳ್ಳು ಲೆಕ್ಕದ ಹಗರಣದ ಬೆನ್ನಿಗೆ ಬಂದ 2002ರ ಸಾರ್ಬೇನ್ಸ್–ಆಕ್ಸ್‌ಲಿ ಕಾಯ್ದೆ, ಲೆಕ್ಕಪತ್ರ ಸರಿಯಿದೆ ಎಂದು ಸಿಎಫ್‌ಒ ಸ್ವತಃ ಸಹಿ ಮಾಡಿ ಪ್ರಮಾಣೀಕರಿಸಬೇಕು ಎಂದಿತು. ನಮ್ಮಲ್ಲಿ ಕಂಪನಿಗಳು ಷೇರುಪೇಟೆಯೊಂದಿಗೆ ಮಾಡಿಕೊಳ್ಳುತ್ತಿದ್ದ ಲಿಸ್ಟಿಂಗ್ ಒಪ್ಪಂದದ 49ನೆಯ ಕಲಂ ಅದೇ ದಾರಿ ಹಿಡಿಯಿತು. ಈಗ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2015ರ ನಿಯಮಗಳಲ್ಲಿ ಅದು ಸೇರಿದೆ.

ಸಹಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿಯಿರುತ್ತದೆ ಎಂದಲ್ಲ. ಹೈದರಾಬಾದಿನ ತಂತ್ರಾಂಶ ಕಂಪನಿ ಸತ್ಯಂನ ಅಧ್ಯಕ್ಷರು 2009ರ ಜನವರಿ 7ರಂದು ಬರೆದ ಪತ್ರದ ಪ್ರಕಾರ, ಪುಸ್ತಕದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಹಣಕಾಸು ಅಧಿಕಾರಿ ಇದ್ದರು, ಹಣಕಾಸು ಇರಲಿಲ್ಲ. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ತಪ್ಪಿತಸ್ಥರೆಂದ ಹತ್ತು ಮಂದಿಯಲ್ಲಿ ಮಾಜಿ ಸಿಎಫ್‌ಒ ಕೂಡ ಇದ್ದರು. ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಯಿತು.

ಚತುರ್ಥಿಯ ಸಾಲಿಗೆ ಮರಳಿದರೆ, ಅಲ್ಲಿ ವಿಶ್ಲೇಷಕರೂ ಇದ್ದಾರೆ. ತ್ರೈಮಾಸಿಕ ಫಲಿತಾಂಶದ ನಂತರದ ದೂರವಾಣಿ ಸಭೆಯಲ್ಲಿ ‘ಲಾಭದ ಪ್ರಮಾಣ ಏಕೆ ಕುಸಿಯಿತು, ಮುಂದಿನ ತ್ರೈಮಾಸಿಕದಲ್ಲಿ ಏರುತ್ತದೆಯೇ’ ಎಂದು ಮುಂಬೈಯಿಂದಲೋ ಸಿಂಗಪುರದಿಂದಲೋ ಒಬ್ಬರು ಕೇಳುತ್ತಾರೆ. ಕಾಗದ ತಿರುವಲು ಸಮಯವಿಲ್ಲ. ಹೆಚ್ಚು ಹೇಳಿದರೆ ಬಹಿರಂಗಪಡಿಸಬಾರದ್ದನ್ನು ಕೆಲವರಿಗೆ ಮಾತ್ರ ಹೇಳಿದಂತಾಗುತ್ತದೆ, ಕಡಿಮೆ ಹೇಳಿದರೆ ಷೇರು ಬೀಳುತ್ತದೆ. ಮಾತು ಧ್ವನಿಮುದ್ರಣವಾಗಿ ಜಾಲತಾಣಕ್ಕೂ ಏರುತ್ತದೆ. ಮಾತುಗಾರಿಕೆ ಈ ಹುದ್ದೆಯ ಅರ್ಹತೆಯಾದದ್ದು ಹೀಗೆ. ಇದಲ್ಲದೆ 2022–23ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳು ಸೆಬಿ ನಿಯಮದಂತೆ ನೀರು, ವಿದ್ಯುತ್ತು, ಹೊಗೆ, ಮಹಿಳಾ ಉದ್ಯೋಗಿಗಳ ಪ್ರಮಾಣದ ವರದಿಯನ್ನೂ ಸಲ್ಲಿಸಬೇಕು. ಹಲವೆಡೆ ಅದೂ ಇವರ ಮೇಜಿಗೇ ಬರುತ್ತದೆ. ಅದರಲ್ಲಿ ಹಣವೂ ಇಲ್ಲ, ಕಾಸೂ ಇಲ್ಲ. ಲೆಕ್ಕ ಮಾತ್ರ ಇದೆ.

ಆದ್ದರಿಂದ ಹುದ್ದೆಯ ಹೆಸರಾಗಿ ಸಿಎಫ್‌ಒ ಎಂದೇ ಉಳಿಸಿಕೊಂಡು, ಕೆಲಸವನ್ನು ಈ ಮೂರು ಕ್ರಿಯಾಪದಗಳಲ್ಲಿ ಬಿಡಿಸುವುದು ನನ್ನ ಒಲವು. ‘ವಿತ್ತಾಧಿಕಾರಿ’ ಎಂಬ ಚಿಕ್ಕ ಪದದ ಮೇಲೆ ಆಸೆ ಇದೆ, ಆದರೆ ‘ವಿತ್ತೀಯ ಕೊರತೆ’ಯಿಂದಾಗಿ ವಿತ್ತ ಸರ್ಕಾರದ ಮನೆಗೆ ಹೋಗಿಬಿಟ್ಟಿದೆ.

ತೊಡಕು ಉಳಿದಿರುವುದು ಸುತ್ತಲಿನ ಪದಗಳಲ್ಲಿ. ಈ ಕ್ಷೇತ್ರದವರ ಬಾಯಲ್ಲಿ ಸದಾ ಇರುವುದು, ಸಿಎಫ್‌ಒ ಈಗ ‘ಬಿಸಿನೆಸ್ ಪಾರ್ಟ್‌ನರ್’ ಎಂಬ ಮಾತು. ‘ಪಾಲುದಾರ’ ಎಂದು ಬರೆದರೆ ವಾಣಿಜ್ಯ ವಿದ್ಯಾರ್ಥಿ 1932ರ ಪಾಲುದಾರಿಕೆ ಕಾಯ್ದೆಯನ್ನು ನೆನೆದು ‘ಲಾಭದಲ್ಲಿ ಎಷ್ಟು ಪಾಲು?’ ಎಂದು ಕೇಳುತ್ತಾನೆ, ಕೇಳಬೇಕಾದದ್ದೇ. ‘ಜೊತೆಗಾರ’ ಎಂದರೆ ಸ್ನೇಹ ಹೆಚ್ಚಾಯಿತು. ಆಸ್ತಿಗೆ ಮಾರುಕಟ್ಟೆಯಲ್ಲಿ ಈಗ ಸಿಗಬಹುದಾದ ಬೆಲೆಯಾದ ‘ಫೇರ್ ವ್ಯಾಲ್ಯೂ’ವನ್ನು ‘ನ್ಯಾಯಬೆಲೆ’ ಎಂದರೆ ಪಡಿತರ ಚೀಟಿ ಹಿಡಿದು ಸರತಿಯಲ್ಲಿ ನಿಲ್ಲಬೇಕಾಗುತ್ತದೆ.

ಡೆಲಾಯ್ಟ್ ಎಂಬ ಲೆಕ್ಕಪರಿಶೋಧನೆ ಮತ್ತು ಸಲಹಾ ಸಂಸ್ಥೆ ಸಿಎಫ್‌ಒಗೆ ನಾಲ್ಕು ಮುಖಗಳಿವೆ (ಆಪರೇಟರ್, ಸ್ಟ್ರಾಟೆಜಿಸ್ಟ್, ಕ್ಯಾಟಲಿಸ್ಟ್, ಸ್ಟೀವರ್ಡ್) ಎಂದು ಹೇಳಿದ್ದು ತುಂಬ ಪ್ರಚಲಿತ. ಅಧ್ಯಾಯದಲ್ಲಿ ಅದನ್ನು ಬಿಡುವಂತಿಲ್ಲ. ಆಪರೇಟರ್ ಎಂಬುದಕ್ಕೆ ‘ನಿರ್ವಾಹಕ’ ಎಂದಿದ್ದೆ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಓಡಾಡುವ ಯಾವ ಹುಡುಗನಿಗೂ ನಿರ್ವಾಹಕ ಎಂದರೆ ಟಿಕೆಟ್ ಕೊಡುವವರು. (ಅವರೂ ಸಂಜೆ ಡಿಪೊದಲ್ಲಿ ಲೆಕ್ಕ ಒಪ್ಪಿಸುತ್ತಾರೆ ಎಂಬುದು ಬೇರೆ ಮಾತು.) ಸ್ಟ್ರಾಟೆಜಿಸ್ಟ್ ‘ತಂತ್ರಗಾರ’ ಆದರೆ ಚುನಾವಣೆಯ ವಾಸನೆ. ಕ್ಯಾಟಲಿಸ್ಟ್‌ಗೆ ‘ಕ್ರಿಯಾವರ್ಧಕ’ ಎಂದು ರಸಾಯನಶಾಸ್ತ್ರದಿಂದ ಸಾಲ ತರಬಹುದು, ಅದಕ್ಕೆ ನನ್ನ ತಕರಾರಿಲ್ಲ.

ಸ್ಟೀವರ್ಡ್ ಎಂಬುದಕ್ಕೆ ಮಾತ್ರ ನನ್ನಲ್ಲಿ ಒಂದು ಪದವಿದೆ: ಪಾರುಪತ್ತೇಗಾರ. ಒಡೆತನ ತನ್ನದಲ್ಲ, ಹೊಣೆ ಪೂರ್ತಿ ತನ್ನದು. ಆಸ್ತಿ ಕಾಯಬೇಕು, ನಡೆಸಬೇಕು, ಕೇಳಿದವರಿಗೆ ಲೆಕ್ಕ ಕೊಡಬೇಕು. ಮೇಲುಕೋಟೆಯಂಥ ದೇವಾಲಯಗಳಲ್ಲಿ ಈ ಹುದ್ದೆ ಇಂದಿಗೂ ಕೇಳಿಬರುತ್ತದೆ. ಅಳುಕು ಒಂದೇ: ‘ಅವನದೇ ಪಾರುಪತ್ಯ’ ಎಂದಾಗ ದರ್ಬಾರು ನಡೆಸುವವನು ಎಂಬ ಕೊಂಕೂ ಇದೆ. ಹಳೇ ಮೈಸೂರಿನ ಆಚೆ, ಅಂದರೆ ಕರಾವಳಿ, ಕಲ್ಯಾಣ ಕರ್ನಾಟಕ, ಧಾರವಾಡದ ಕಡೆ ಈ ಪದ ಕೊಂಕಿಲ್ಲದೆ ಬಳಕೆಯಲ್ಲಿದೆಯೇ? ಇದ್ದರೆ ಯಾವ ವಾಕ್ಯದಲ್ಲಿ ಬಳಸುತ್ತಾರೆ ಎಂಬುದನ್ನೂ ಬರೆಯಿರಿ. ‘ಬಿಸಿನೆಸ್ ಪಾರ್ಟ್‌ನರ್’ಗೆ ನಿಮ್ಮೂರಿನ ವ್ಯಾಪಾರಿಗಳ ಬಾಯಲ್ಲಿ, ಪಾಲಿಲ್ಲದೆ ವ್ಯವಹಾರಕ್ಕೆ ಹೆಗಲು ಕೊಡುವ ನೆಚ್ಚಿನ ಆಳಿಗೆ ಏನಾದರೂ ಹೆಸರಿದ್ದರೆ ಅದೂ ಬೇಕು. ದಿವಾಣಜಿ ಪದ ಆ ಅರ್ಥಕ್ಕೆ ಹಿಗ್ಗೀತೇ ಎಂದು ಹುಬ್ಬಳ್ಳಿ, ಗದಗದವರು ಹೇಳಬೇಕು.