ಪೆನ್ಸಿಲ್ವೇನಿಯಾ ಪ್ರೈಮರಿ: ಏಳಕ್ಕ ಮುಂದಿದ್ದಾಂವ ಹತ್ತಕ್ಕ ಹಿಂದ್ ಹೆಂಗ ಬಿದ್ದ?

ಗಂಜಿನ ಗುಮಾಸ್ತ (ಕಲಬುರಗಿ), 18 ಮೇ 2022, ಮುಂಜಾನಿ 10:40

ಎಲ್ಲರಿಗೂ ಶರಣು. ನಾ ಗಂಜಿನ್ಯಾಗ ಒಂದು ದಾಲ್ ಮಿಲ್ಲಿನ ಲೆಕ್ಕ ಬರಿಯಾಂವ. ಮಗಳು ಅಳಿಯ ಪಿಟ್ಸ್‌ಬರ್ಗ್‌ನ್ಯಾಗ ಇರ್ತಾರ. ಅವರಿಗೆ ಅಲ್ಲಿ ಓಟಿಲ್ಲ. ಆದ್ರ ನಿನ್ನಿ ಫೋನಿನ್ಯಾಗ ಮಗಳು, "ಅಪ್ಪಾ, ಇಲ್ಲಿ ಇವತ್ತ ಎಲೆಕ್ಷನ್ ಅದ, ನಿಮಗ ಹುಚ್ಚು ಅದಲ್ಲ, ನೋಡ್ರಿ" ಅಂದ್ಳು. ನನಗ ಅಷ್ಟೇ ಬೇಕಾಗಿತ್ತು.

ಅವರಿಗೆ ರಾತ್ರಿ ಎಂಟಕ್ಕ ಮತದಾನ ಮುಗೀತಂದ್ರ ನಮಗ ಮುಂಜಾನಿ ಐದೂವರಿ. ಮಾಳಗಿ ಮ್ಯಾಲ ಮಲಗಿದ್ದೆ (ಈ ಬ್ಯಾಸಿಗಿಯಾಗ ಒಳಗ ಯಾರ ಮಲಗ್ತಾರ?). ಹಾಸಿಗಿ ಸುತ್ತದ ಹಂಗೇ ಕುಂತು ಫೋನ್ ತಗದೆ. ಪ್ರೈಮರಿ ಅಂದ್ರ ಪಕ್ಷದ ಟಿಕೆಟ್ ಯಾರಿಗಂತ ಓಟ್ ಹಾಕಿ ಆರಸೋದು. ರಿಪಬ್ಲಿಕನ್ ಪಕ್ಷದ ಸೆನೆಟ್ (ಅಲ್ಲಿನ ಮೇಲ್ಮನೆ) ಟಿಕೆಟ್ಟಿಗೆ ಇಬ್ಬರ ನಡಕ ಜಟಾಪಟಿ: ಟಿವಿ ಡಾಕ್ಟರ್ ಮೆಹ್ಮೆತ್ ಓಜ್ ಒಬ್ಬಾಂವ, ಡೇವಿಡ್ ಮೆಕಾರ್ಮಿಕ್ ಇನ್ನೊಬ್ಬಾಂವ. ತೂಕದ ಚೀಟಿ ಹಿಂಬದಿಗೆ ಎರಡು ಕಾಲಂ ಹೊಡಕೊಂಡು ಬರಕೊಂತ ಹೋದೆ. ಮೊದಲ ಮೆಕಾರ್ಮಿಕ್ ಮುಂದ. ಹಾಲಿನಾಂವ ಬಂದು ಹೋದ, ನಮ್ಮ ಮನಿಯಾಕಿ ತಂದಿಟ್ಟ ಚಾ ಕೆನಿ ಕಟ್ಟಿ ತಣ್ಣಗಾಯ್ತು, ಅಷ್ಟರಾಗ ಓಜ್ ಮುಂದ! ಈಗ ಇಬ್ಬರದೂ ಶೇಕಡಾ 31ರ ಮ್ಯಾಲ ನಿಂತದ, ಅಲುಗಾಡವಲ್ದು.

ನನಗ ಗೊತ್ತಿದ್ದದ್ದು ನಮ್ಮ ಕಡಿ ಎಣಿಕಿ. ಮೂರು ಸಲ ಏಜೆಂಟಾಗಿ ಕುಂತೀನಿ. ಹದಿನಾಲ್ಕು ಟೇಬಲ್, ನಡಕ ಜಾಳಗಿ. ಮಷೀನಿನ ಲೆಕ್ಕ 17ಸಿ ಫಾರ್ಮಿನ (ಬೂತಿನ್ಯಾಗ ಎಷ್ಟು ಓಟು ಬಿತ್ತಂತ ಬರದ ಹಾಳಿ) ಜೋಡಿ ತಾಳಿ ಹತ್ತಿತಂದ್ರ ಮುಂದಿಂದು. ರೌಂಡ್ ಮುಗದ ಮ್ಯಾಲ ಮೈಕಿನ್ಯಾಗ ಕೂಗ್ತಾರ. ಯಾವ ಊರಿನ ಮಷೀನು ಬಾಕಿ ಅದ ಅಂತ ನೋಡಿ, ಮನಿಗೆ ಹೋಗಬೇಕೋ ಗುಲಾಲು ತರಸಬೇಕೋ ಅಂತ ಹನ್ನೊಂದಕ್ಕೇ ಹೇಳಬಹುದು. ಇಲ್ಲಿ ರೌಂಡೇ ಇಲ್ಲ. "ಶೇಕಡಾ ಇಷ್ಟು ಎಣಿಕಿ ಆಗ್ಯಾದ" ಅಂತಾರ, ಖರೇ, ಆದ್ರ ಯಾತರ ಮ್ಯಾಲಿನ ಶೇಕಡಾ ಅದು? ಒಟ್ಟು ಗೊತ್ತಿಲ್ಲದ ಶೇಕಡಾ ತಗಿಯೋದು ನಮ್ಮ ಸಾವ್ಕಾರಗ ಹೇಳಿದ್ರ ನನ್ನ ಪುಸ್ತಕ ಕಸಗೊಂಡು ಹೊರಗ ಹಾಕ್ತಾನ. ತಿಳದವರು ಯಾರರೆ ಹೇಳ್ರಿ.

ಶಹಾಪುರದ ಹರಟಿಮಲ್ಲ, 18 ಮೇ, 11:15

ಕಾಕಾ, ಮುಂದಿನ ವರ್ಷ ನಮ್ಮ ಶಹಾಪುರಕ್ಕ ಟಿಕೆಟ್ ಯಾರಿಗಂತ ಮೊದಲ ಹೇಳ್ರಿ, ಆಮ್ಯಾಲ ಪೆನ್ಸಿಲ್ವೇನಿಯಾ ನೋಡೂಣು. ಟಿಕೆಟ್ಟಿಗೂ ಜನರೇ ಓಟ್ ಹಾಕ್ತಾರಂತ? ನಮ್ಮಲ್ಲಿ ಬಿ ಫಾರ್ಮ್ ಕೊನಿ ದಿನ ಮಧ್ಯಾಹ್ನದ ತನಕ ಯಾರ ಕಿಸೆದಾಗ ಅದ ಅಂತ ದೇವರಿಗೂ ಗೊತ್ತಿರಂಗಿಲ್ಲ.

ಭಾಲ್ಕಿಯಾಕಿ (ಈಗ ಫಿಲಡೆಲ್ಫಿಯಾ), 18 ಮೇ, ಸಂಜಿ 6:05

ಕಾಕಾ, ಶರಣ್ರಿ. ಹುಟ್ಟಿದ್ದು ಭಾಲ್ಕಿ, ಓಟು ಇಲ್ಲಿ. ನಿನ್ನಿ ನಾನೂ ಹಾಕಿ ಬಂದೆ, ಆದ್ರ ಈ ಇಬ್ಬರಿಗೆ ಅಲ್ಲ. ಇಲ್ಲಿ ಯಾವ ಪಕ್ಷದವರಂತ ಹೆಸರು ಬರಿಸಿರ್ತೀವೋ ಆ ಪಕ್ಷದ ಪ್ರೈಮರಿ ಅಷ್ಟೇ ನಮಗ. ನಂದು ಡೆಮಾಕ್ರಟಿಕ್. ನಮ್ಮ ಕಡಿ ಸೆನೆಟ್ ಟಿಕೆಟ್ಟಿಗೆ ನಿಂತಿದ್ದ ಫೆಟರ್‌ಮನ್ ಎಲ್ಲಾ 67 ಕೌಂಟಿ (ನಮ್ಮ ಜಿಲ್ಲಾ ಇದ್ದಂಗ) ಗೆದ್ದು ಲಗೂನ ಮುಗಿಸಿದ್ರು. ಪಾಪ, ಆ ಮನುಷ್ಯ ಪಾರ್ಶ್ವವಾಯು ಆಗಿ ದವಾಖಾನಿಯಾಗ ಇದ್ರು.

ನಿಮ್ಮ ಚೀಟಿ ತಪ್ಪಿಲ್ಲ. ಇಲ್ಲಿ ಅಂಚೆ ಮತದ ಲಕೋಟೆ ಮತದಾನದ ದಿನ ಮುಂಜಾನಿ ಏಳರ ಮುಂಚೆ ಒಡಿಯಂಗಿಲ್ಲ, ಕಾನೂನು. ಒಡದು ಎಣಿಸಿದ ಕೌಂಟಿಗಳು ಎಂಟು ಗಂಟೆಗೆ ಅದನ್ನ ಮೊದಲ ಹೊರಗ ಬಿಡ್ತಾವ. ಅಂಚೆ ಮತ ಮೆಕಾರ್ಮಿಕ್ ಕಡಿ ಜಾಸ್ತಿ, ಹಿಂಗಾಗಿ ನಿಮ್ಮ ಐದೂವರಿ ಲೆಕ್ಕದಾಗ ಅವರು ಮುಂದ. ಬೂತಿನ ಮತ ಬಂದಂಗ ಓಜ್ ಮ್ಯಾಲ ಬಂದ್ರು. ಒಡಿಯದ ಲಕೋಟೆ ಇನ್ನೂ ಅದಾವ, ಹಂಗಾಗಿ ಈ ಅಂತರ ಮತ್ತ ಕರಗ್ತದ, ಬರದಿಟಗೋರಿ. ಲ್ಯಾಂಕಾಸ್ಟರ್ ಕೌಂಟಿಯಾಗ ಮತಪತ್ರದ ಮ್ಯಾಲಿನ ಗುರುತು ತಪ್ಪಾಗಿ ಅಚ್ಚಾಗ್ಯಾದ, ಸ್ಕ್ಯಾನರ್ ಓದವಲ್ದು. ಸಾವಿರಾರು ಮತ ಕೂತು ಕೈಯಿಂದ ಹೊಸಾ ಹಾಳಿಗೆ ಇಳಿಸಲತ್ತಾರ.

ಶೇಕಡಾದ ಸಿಟ್ಟು ಸರಿ ಅದ್ರಿ. ನಮ್ಮ ದೇಶದ ಹಂಗ ಒಂದು ಚುನಾವಣಾ ಆಯೋಗ ಎಲ್ಲಾ ಒಟ್ಟು ಮಾಡಿ ಆ ರಾತ್ರಿ ಹೇಳಂಗಿಲ್ಲ. ಕೌಂಟಿ ಕೌಂಟಿಗೂ ಬ್ಯಾರೆ ಕಚೇರಿ. ನೀವು ನೋಡಿದ್ದು ಅಸೋಸಿಯೇಟೆಡ್ ಪ್ರೆಸ್ ಅನ್ನೋ ಸುದ್ದಿಸಂಸ್ಥೆ ಕೂಡಿಸಿದ ಲೆಕ್ಕ ಇರಬೇಕು. "ಇಷ್ಟು ಮತ ಬಿದ್ದಿರಬಹುದು" ಅನ್ನೋ ಅಂದಾಜಿನ ಮ್ಯಾಲ ಶೇಕಡಾ ತಗೀತಾರ. ಅಂದಾಜು ತಿದ್ದಿದ್ರ ಶೇಕಡಾ ಹಿಂದಕ್ಕೂ ಸರೀತದ. ನಿಮ್ಮ ಸಾವ್ಕಾರಗ ತೋರಸಬ್ಯಾಡ್ರಿ.

ಸುರಪುರದ ಮಾಸ್ತರ, 18 ಮೇ, ರಾತ್ರಿ 9:30

ಎಣಿಕೆ ಡ್ಯೂಟಿ ಮಾಡಿದವ ನಾನು, ಒಂದು ಮಾತು. ಅಂತರ ಸಣ್ಣದಿದ್ದಾಗ ಎಣಿಕೆ ಹಾಲ್‌ನ ಗಾಳಿನೇ ಬ್ಯಾರೆ ಆಗ್ತದ. 2018ರಾಗ ಮಸ್ಕಿ ಗೆಲುವು 213 ಮತದ್ದು. 2004ರಾಗ ಸಂತೇಮರಹಳ್ಳಿಯಾಗ ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. ಅಂಥದ್ರಾಗ ನೀರು ಕುಡಿಯಾಕ ಎದ್ದು ಹೋದ ಏಜೆಂಟನಿಗೂ ಪಕ್ಷದವರು ಬೈತಾರ. ಮರುಎಣಿಕೆ ಬೇಕಂದ್ರ ನಮ್ಮಲ್ಲಿ ಅರ್ಜಿ ಕೊಡಬೇಕು, ಚುನಾವಣಾಧಿಕಾರಿ ಒಪ್ಪಬೇಕು. ಅಲ್ಲಿ ಹೆಂಗ?

ಭಾಲ್ಕಿಯಾಕಿ, 18 ಮೇ, ರಾತ್ರಿ 10:10

ಮಾಸ್ತರ್ರೇ, ಈ ರಾಜ್ಯದಾಗ ಇಡೀ ರಾಜ್ಯದ ಚುನಾವಣೆಗೆ ಅಂತರ ಅರ್ಧ ಪರ್ಸೆಂಟ್ ಅಥವಾ ಅದರ ಒಳಗಿದ್ರ ಯಾರೂ ಅರ್ಜಿ ಕೊಡೋದು ಬ್ಯಾಡ, ತಾನಾಗೇ ಮರುಎಣಿಕೆ. ಸೋತವರು "ಬ್ಯಾಡ" ಅಂತ ಬರದು ಕೊಟ್ರ ಮಾತ್ರ ನಿಲ್ತದ.

ಗಂಜಿನ ಗುಮಾಸ್ತ, 26 ಮೇ, ಮುಂಜಾನಿ 8:20

ತಂಗಿ, ನೀ ಹೇಳಿದಂಗೇ ಆಯ್ತು. 13 ಲಕ್ಷ ಮತದ ಮ್ಯಾಲ ಅಂತರ 902ಕ್ಕ ಬಂದು ನಿಂತದ, ಮರುಎಣಿಕಿಗೆ ಆದೇಶ ಆಗ್ಯಾದ. ನಡಕ ಟ್ರಂಪ್ ಅವರು ಓಜ್‌ಗೆ ಗೆದ್ದೆ ಅಂತ ಸಾರಿಬಿಡು ಅಂದ್ರಂತ! ತೂಕ ಆಗೋದ್ರಾಗೇ ಪಟ್ಟಿ ಹರದಂಗ.

ಈಗಿನ ಜಗಳ ಇನ್ನೂ ಚಂದ ಅದ. ಹೊರಗಿನ ಲಕೋಟೆ ಮ್ಯಾಲ ತಾರೀಖು ಬರೀದ ಮತ ಎಣಿಸಬೇಕೋ ಬ್ಯಾಡೋ ಅಂತ. ಎಣಿಸ್ರಿ ಅಂತ ಮೆಕಾರ್ಮಿಕ್ ಕೋರ್ಟಿಗೆ ಹೋಗ್ಯಾನ, ಬ್ಯಾಡ ಅಂತ ಓಜ್. ನಮ್ಮ ಮಿಲ್ಲಿನ್ಯಾಗ ತಾರೀಖಿಲ್ಲದ ಚೀಟಿ ಬಂದ್ರ ನಾ ವಾಪಸ್ ಕಳಸ್ತೀನಿ. ಆದ್ರ ಮಾಲು ಗೋದಾಮಿನ್ಯಾಗ ಬಂದು ಬಿದ್ದದ, ರೈತ ಎದುರಿಗೆ ನಿಂತಾನ, ಬರೇ ತಾರೀಖಿಲ್ಲ ಅಂದ್ರ? ಹೋದ ವರ್ಷ ತೊಗರಿ ಸೀಜನ್ನಿನ್ಯಾಗ ಹಂಗೊಮ್ಮಿ ಆಗಿತ್ತು. ಚಿತ್ತಾಪುರ ಕಡಿ ಮುದುಕ, ಬಿಸಿಲಾಗ ಎರಡು ತಾಸು ಕುಂದ್ರಿಸಿ ಕಡೀಗೆ ನಾನೇ ತಾರೀಖು ಹಾಕಿ ರೊಕ್ಕ ಕೊಡಿಸಿದೆ. ಎರಡು ತಾಸು ಯಾಕ ಕುಂದ್ರಿಸಿದೆನೋ ಏನೋ. ಇದರಾಗ ನಾ ಮೆಕಾರ್ಮಿಕ್ ಪಾರ್ಟಿ.

ಗಂಜಿನ ಗುಮಾಸ್ತ, 4 ಜೂನ್, ಮುಂಜಾನಿ 7:00

ಮುಗೀತ್ರಿ. ಮರುಎಣಿಕಿ ನಡದಾಗೇ ಮೆಕಾರ್ಮಿಕ್ ಸೋಲು ಒಪ್ಪಿಕೊಂಡು ಓಜ್‌ಗೆ ಫೋನ್ ಮಾಡ್ಯಾನಂತ. ಹದಿನೇಳು ದಿನ! ನನ್ನ ತೂಕದ ಚೀಟಿ ಮೂರು ಆದವು, ಮನಿಯಾಕಿ ಅದರಾಗ ಒಂದಕ್ಕ ಹಸಿಮೆಣಸಿನಕಾಯಿ ಕಟ್ಟಿಟ್ಟಾಳ. ಉಳದ ಎರಡು ಪುಸ್ತಕದಾಗ ಇಟ್ಟೀನಿ. ತಂಗಿ, ನವೆಂಬರ್ 8ಕ್ಕ ಕಡೀ ಚುನಾವಣಿ ಅಂತಲ್ಲ, ಅವತ್ತೂ ಐದೂವರಿಗೇ ಏಳಬೇಕೇನು?

ಭಾಲ್ಕಿಯಾಕಿ, 4 ಜೂನ್, 7:40

ಇಲ್ರಿ ಕಾಕಾ. ಅಷ್ಟರಾಗ ನಾವು ಗಡಿಯಾರ ಒಂದು ತಾಸು ಹಿಂದ ಸರಿಸಿರ್ತೀವಿ. ನಿಮಗ 9ನೇ ತಾರೀಖು ಆರೂವರಿ. ಚಾ ಕುಡದೇ ಕೂಡ್ರಿ.