ಹೊಸಬರು ಮೊದಲ ಲೇಖನಕ್ಕೇ ಹಿಂದೆ ಸರಿಯದಂತೆ ನೋಡಿಕೊಳ್ಳುವುದು ಹೇಗೆ? – ಅನುಭವ ಹಂಚಿಕೆ

ಪ್ರಶ್ನೆ (ಧಾರವಾಡದಿಂದ): ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಕನ್ನಡ ವಿಕಿಪೀಡಿಯದಲ್ಲಿ ಉತ್ಸಾಹದಿಂದ ಬರೆಯಲು ಆರಂಭಿಸಿ, ತಾವು ಸೇರಿಸಿದ್ದನ್ನು ಯಾರಾದರೂ ತೆಗೆದ ಕೂಡಲೇ ಬಿಟ್ಟುಬಿಡುತ್ತಿದ್ದಾರೆ. ಹೊಸಬರನ್ನು ತಿದ್ದಿ ಬೆಳೆಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಿ.

ಗದಗಿನಿಂದ: ಸರ್, ಮಕ್ಕಳು ಬಿಟ್ಟುಹೋಗುವುದು ಹೆಚ್ಚಾಗಿ ತೆಗೆದ ಕಾರಣ ತಿಳಿಯದಿದ್ದಾಗ. ಲಕ್ಕುಂಡಿಯ ಗುಡಿಗಳ ಬಗ್ಗೆ ಬರೆಯಲು ಕುಳಿತ ನಮ್ಮೂರಿನ ವಿದ್ಯಾರ್ಥಿನಿಯೊಬ್ಬಳು ಪತ್ರಿಕೆಯ ಎರಡು ಪ್ಯಾರಾಗಳನ್ನು ಹಾಗೆಯೇ ಇಳಿಸಿದ್ದಳು. ಹಕ್ಕುಸ್ವಾಮ್ಯವಿರುವ ಬರಹವನ್ನು ಉಳಿಸಿಕೊಳ್ಳುವಂತಿಲ್ಲವಾದ್ದರಿಂದ ಅದನ್ನು ತೆಗೆಯಲೇಬೇಕಾಯಿತು. ತೆಗೆದ ಕೂಡಲೇ ಅವಳ ಚರ್ಚೆಪುಟದಲ್ಲಿ (ಸದಸ್ಯರಿಗೆ ಸಂದೇಶ ಬರೆಯುವ ಪುಟ), "ತಂಗಿ, ವಾಕ್ಯಗಳು ಪತ್ರಿಕೆಯವರ ಸೊತ್ತು; ಸಂಗತಿಯನ್ನು ನಿನ್ನ ಮಾತಿನಲ್ಲಿ ಬರೆದು, ಪತ್ರಿಕೆಯ ಹೆಸರು, ದಿನಾಂಕಗಳನ್ನು ಉಲ್ಲೇಖವಾಗಿ ಕೊಡು. ನೀನೇ ಬರೆದ ಕೊನೆಯ ಪ್ಯಾರಾ ಚೆನ್ನಾಗಿದೆ, ಅದನ್ನು ಮುಟ್ಟಿಲ್ಲ" ಎಂದು ಬರೆದೆ. ಸಿದ್ಧ ಎಚ್ಚರಿಕೆಯ ಸಂದೇಶವನ್ನು ಅಂಟಿಸಿ ಸುಮ್ಮನಾಗಿದ್ದರೆ ಅವಳು ಮರಳಿ ಬರುತ್ತಿದ್ದಳೆಂದು ನನಗೆ ಅನ್ನಿಸುವುದಿಲ್ಲ. ಬ್ರಹ್ಮ ಜಿನಾಲಯವನ್ನು ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದಳೆಂಬ ಅವಳ ವಾಕ್ಯ ಸರಿಯಾಗಿಯೇ ಇತ್ತು, ಆದರೆ ಆಧಾರ ಇರಲಿಲ್ಲ. ಅದನ್ನು ನಾನೇ ಸೇರಿಸುವುದು ಎರಡು ನಿಮಿಷದ ಕೆಲಸವಾಗಿದ್ದರೂ ಸೇರಿಸದೆ, ಶಾಸನ ಸಂಪುಟಗಳನ್ನು ಗ್ರಂಥಾಲಯದಲ್ಲಿ ನೋಡು ಎಂದಷ್ಟೇ ತಿಳಿಸಿದೆ. ಪುಟಸಂಖ್ಯೆ ಸಹಿತ ಉಲ್ಲೇಖವನ್ನು ತನ್ನ ಕೈಯಾರೆ ಕೊಟ್ಟ ಮೇಲೆ ಅವಳು ಇತರರ ಲೇಖನಗಳಲ್ಲೂ ಆಧಾರ ಕೇಳತೊಡಗಿದಳು. ಈಗ ಅವಳೇ ಹೊಸಬರ ಚರ್ಚೆಪುಟಗಳಲ್ಲಿ ಬರೆಯುತ್ತಾಳೆ.

ಹಾವೇರಿಯಿಂದ: ಗದಗಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಆರಂಭದಲ್ಲೇ ಇಡೀ ಲೇಖನವನ್ನು ವಹಿಸುವುದು ಭಾರವಾಗುತ್ತದೆ. ನಾನು ಮೊದಲು, ಹಳೆಯ ಪುಸ್ತಕಗಳನ್ನು ಅಂತರಜಾಲಕ್ಕೆ ತರುವ ತಾಣವಾದ ವಿಕಿಸೋರ್ಸ್‌ನಲ್ಲಿ ಒಂದು ಪುಟದ ಕರಡು ತಿದ್ದಿಸುತ್ತೇನೆ. ಲೇಖಕರು ತೀರಿಕೊಂಡು 60 ವರ್ಷ ಕಳೆದ ಪುಸ್ತಕಗಳೇ ಅಲ್ಲಿ ಹೆಚ್ಚು ಇರುವುದರಿಂದ ಹಕ್ಕುಸ್ವಾಮ್ಯದ ಭಯವಿಲ್ಲ. ಎಡಕ್ಕೆ ಅಕ್ಷರ, ಬಲಕ್ಕೆ ಮೂಲಪುಟದ ಚಿತ್ರ ಇರುವುದರಿಂದ ಏನು ತಪ್ಪಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಕಾಣದ ತಪ್ಪೂ ಒಂದಿದೆ. ಪುಟದ ಚಿತ್ರದಿಂದ ಅಕ್ಷರ ಗುರುತಿಸುವ ಯಂತ್ರವು ಎಷ್ಟೋ ಕಡೆ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆಯನ್ನು ಇಟ್ಟಿರುತ್ತದೆ. ಓದುವವರಿಗೆ ಎರಡೂ ಒಂದೇ, ಹುಡುಕುವಾಗ ಮಾತ್ರ ಆ ಪದ ಸಿಗುವುದೇ ಇಲ್ಲ. ಇದನ್ನು ಒಮ್ಮೆ ಹುಡುಕಿ ತೋರಿಸಿದರೆ, ಇಷ್ಟು ಸಣ್ಣ ತಿದ್ದುಪಡಿಗೂ ಬೆಲೆಯಿದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ. ತಿದ್ದಿದ ಪುಟ ಹಳದಿಯಾಗುತ್ತದೆ, ಬೇರೊಬ್ಬರು ಪರಿಶೀಲಿಸಿದ ಮೇಲಷ್ಟೇ ಹಸಿರಾಗುತ್ತದೆ. ಹೀಗಾಗಿ ತನ್ನ ಕೆಲಸವನ್ನು ಇನ್ನೊಬ್ಬರು ನೋಡುವುದು ಅವಮಾನವಲ್ಲ, ಅಲ್ಲಿನ ಪದ್ಧತಿಯೇ ಹಾಗೆ ಎಂಬುದು ಮೊದಲೇ ರೂಢಿಯಾಗಿರುತ್ತದೆ. ಆಮೇಲೆ ಲೇಖನ ಬರೆದಾಗ ತಿದ್ದುಪಡಿಯಾದರೆ ಅವರು ಬೇಸರಿಸಿಕೊಳ್ಳುವುದು ಕಡಿಮೆ.

ಹುಬ್ಬಳ್ಳಿಯಿಂದ: ನನ್ನದು ಎರಡೇ ಮಾತು. ಸ್ವಂತ ಮನೆಯವರ ಬಗ್ಗೆ, ಸ್ವಂತ ಸಂಸ್ಥೆಯ ಬಗ್ಗೆ ಲೇಖನ ಬೇಡವೆಂದು ಮೊದಲ ದಿನವೇ ತಿಳಿಸಿ, ಏಕೆಂದರೆ ಅಳಿಸಿದಾಗ ಅತಿ ಹೆಚ್ಚು ನೋವಾಗುವುದು ಅಂಥ ಲೇಖನಗಳಿಂದಲೇ. ಎರಡನೆಯದಾಗಿ, ಅವರ ಸಂದೇಹಗಳನ್ನು ವಾಟ್ಸಾಪ್‌ನಲ್ಲಿ ಬಗೆಹರಿಸುವ ಬದಲು ವಿಕಿಪೀಡಿಯದ ಅರಳಿಕಟ್ಟೆಯಲ್ಲೋ (ಎಲ್ಲರೂ ಸೇರಿ ಚರ್ಚಿಸುವ ಪುಟ) ಚರ್ಚೆಪುಟದಲ್ಲೋ ಕೇಳಲು ಹೇಳಿ, ಮತ್ತು ಅಂದೇ ಉತ್ತರ ಸಿಗುವಂತೆ ನೀವೇ ಕಾದು ನೋಡಿಕೊಳ್ಳಿ. ನಿಮ್ಮ ವರ್ಗಾವಣೆಯಾದರೂ ಆ ಉತ್ತರಗಳು ಮುಂದಿನ ತಂಡದ ವಿದ್ಯಾರ್ಥಿಗಳಿಗೆ ಅಲ್ಲಿಯೇ ಸಿಗುತ್ತವೆ.