ಓದುಗರ ಸ್ಪಂದನ: ಟಪಾಲ್ ಪೆಟ್ಟಿಗೆಯ ಮೇಲೆ ಇಬ್ಬರ ಹೆಸರೂ ಇರಲಿ

ಕಳೆದ ಸಂಚಿಕೆಯ ಪ್ರಶ್ನೆ: ಯಜಮಾನರಿಗೆ ಜರ್ಮನಿಯಲ್ಲಿ ಮೂರು ವರ್ಷದ ಕೆಲಸ. ಆರು ವರ್ಷದ ಮಗನನ್ನು ಕರೆದುಕೊಂಡು ಬರುವ ತಿಂಗಳು ನಾನೂ ಹೊರಟಿದ್ದೇನೆ. ಭಾಷೆ ಬಾರದು, ಗುರುತಿನವರಿಲ್ಲ. ನಾಲ್ಕು ಗೋಡೆ ನೋಡುತ್ತಲೇ ದಿನ ಕಳೆಯಬೇಕಾದೀತು ಎಂಬ ಅಂಜಿಕೆ. ಏನು ಮಾಡಲಿ? (ಧಾರವಾಡದ ಓದುಗರು)

ತಂಗಿ, ಜನರ ಗುರುತು ಆಮೇಲೆ. ಮೊದಲು ಊರಿನ ದಫ್ತರದಲ್ಲಿ ನಿಮ್ಮ ಹೆಸರು ಕೂಡಬೇಕು. ಮನೆ ಹೊಕ್ಕ 14 ದಿನದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಪಾಸ್‌ಪೋರ್ಟ್ ಜೊತೆಗೆ, ನೀವು ಆ ಮನೆಗೆ ಬಂದಿದ್ದೀರಿ ಎಂದು ಮಾಲೀಕರು ಸಹಿ ಹಾಕಿದ ಕಾಗದ ಬೇಕು. ಬಾಡಿಗೆ ಕರಾರು ತೋರಿಸಿದರೆ ನಡೆಯುವುದಿಲ್ಲ. ದೊಡ್ಡ ಊರುಗಳಲ್ಲಿ ಅಪಾಯಿಂಟ್‌ಮೆಂಟ್‌ಗೆ ವಾರಗಟ್ಟಲೆ ಕಾಯಬೇಕಾಗುತ್ತದೆ, ಯಜಮಾನರಿಗೆ ಈಗಲೇ ಹಿಡಿದಿಡಲು ಹೇಳಿ.

ನಮ್ಮ ಕಡೆಯವರು ಎಡವುವುದು ಟಪಾಲಿನಲ್ಲಿ. ಅಲ್ಲಿನ ಅಪಾರ್ಟ್‌ಮೆಂಟ್‌ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ, ಪೋಸ್ಟ್‌ಮನ್ ಪೆಟ್ಟಿಗೆಯ ಮೇಲಿನ ಅಡ್ಡಹೆಸರು ನೋಡಿ ಹಾಕುತ್ತಾನೆ. ಯಜಮಾನರು ಹಿರೇಮಠ, ನಿಮ್ಮ ಪಾಸ್‌ಪೋರ್ಟ್‌ನಲ್ಲಿ ತವರಿನ ಪಾಟೀಲ ಅಂತಿದ್ದರೆ ಎರಡನ್ನೂ ಪೆಟ್ಟಿಗೆಗೂ ಕರೆಗಂಟೆಗೂ ಅಂಟಿಸಿ. ಇಲ್ಲವಾದರೆ ನಿಮ್ಮ ತೆರಿಗೆ ಸಂಖ್ಯೆ, ವಿಮೆ ಕಾರ್ಡು ಬಂದ ದಾರಿಗೇ ಸುಂಕವಿಲ್ಲ ಎಂದು ವಾಪಸ್ಸು ಹೋಗುತ್ತವೆ. ವಿಮೆಯ ಮಾತು ಬಂತಲ್ಲ: ಯಜಮಾನರದು ಖಾಸಗಿಯಲ್ಲದ, ಕಾನೂನಿನ ಪ್ರಕಾರದ ಆರೋಗ್ಯ ವಿಮೆಯಾದರೆ, ದುಡಿಮೆಯಿಲ್ಲದ ನಿಮಗೂ ಮಗನಿಗೂ ಬೇರೆ ಕಂತಿಲ್ಲ. ಖಾಸಗಿಯಾದರೆ ತಲೆಗೊಂದು ಕಂತು.
(ವಿದ್ಯಾನಗರ, ಹುಬ್ಬಳ್ಳಿ)

ನಾಲ್ಕು ಗೋಡೆಯ ಅಂಜಿಕೆಗೆ ಮದ್ದು ಫೋಲ್ಕ್ಸ್‌ಹೋಖ್‌ಶೂಲೆ. ಪುರಸಭೆ ಬೆಂಬಲದ ವಯಸ್ಕರ ಶಾಲೆ ಅದು; ಜರ್ಮನ್ ಎ1 (ಮೊದಲ ಹಂತದ) ತರಗತಿಯ ಜೊತೆಗೆ ಹೊಲಿಗೆ, ಅಡುಗೆ, ಯೋಗವೂ ಇರುತ್ತವೆ. ನನ್ನ ಸಲಹೆ, ಭಾಷೆಯ ತರಗತಿಗೊಂದು, ಹೊಲಿಗೆಗೊಂದು ಹೆಸರು ಕೊಡಿ. ಭಾಷೆಯ ಕ್ಲಾಸಿನಲ್ಲಿ ಸಿಗುವವರೆಲ್ಲ ನಿಮ್ಮ ಹಾಗೆ ಹೊರಗಿನವರು. ಹೊಲಿಗೆಯಲ್ಲಿ ಊರಿನ ಹೆಂಗಸರು ಸಿಗುತ್ತಾರೆ, ಕೈಯಲ್ಲಿ ಕೆಲಸ ಇರುವುದರಿಂದ ಮಾತು ತಪ್ಪಿದರೂ ನಡೆಯುತ್ತದೆ.

ಅಲ್ಲಿನ ‘ಝೀ’ ನಮ್ಮ ‘ರೀ’ ಇದ್ದಂತೆ. ‘ಡೂ’ ಅನ್ನುವ ಏಕವಚನಕ್ಕೆ ಇಳಿಯೋಣ ಎಂದು ಹಿರಿಯರೇ ಹೇಳುವತನಕ ಕಾಯಿರಿ. ಧಾರವಾಡದವರಿಗೆ ಇದನ್ನು ಕಲಿಸಬೇಕಿಲ್ಲ. ಹುಟ್ಟುಹಬ್ಬಕ್ಕೆ ಹಿಂದಿನ ದಿನವೇ ಶುಭಾಶಯ ಹೇಳಬೇಡಿ, ಅಪಶಕುನ ಅನ್ನುತ್ತಾರೆ.

ಮಗ ಆಗಸ್ಟ್‌, ಸೆಪ್ಟೆಂಬರ್‌ನಲ್ಲಿ ಒಂದನೇ ತರಗತಿ ಸೇರುವುದಾದರೆ ‘ಶೂಲ್‌ಟ್ಯೂಟೆ’ ಮರೆಯಬೇಡಿ. ಶೇಂಗಾ ಮಾರುವವರು ಸುತ್ತಿಕೊಡುವ ಪೊಟ್ಟಣದ ಆಕಾರವೇ, ಆದರೆ ಮಗುವಿನ ಎದೆಮಟ್ಟದ್ದು. ಒಳಗೆ ಮಿಠಾಯಿ, ಪೆನ್ಸಿಲ್ಲು, ಆಟಿಕೆ. ಮೊದಲ ದಿನ ಎಲ್ಲ ಮಕ್ಕಳ ಕೈಯಲ್ಲೂ ಇರುತ್ತದೆ. ನಿಮ್ಮವನೊಬ್ಬನೇ ಬರಿಗೈಲಿ ನಿಂತರೆ ಅಳು ಖಂಡಿತ. ಪಾಲಕರ ಸಭೆಗೆ ಜರ್ಮನ್ ಬಾರದಿದ್ದರೂ ಹೋಗಿ, ಹೇಳಿದ ಹೊತ್ತಿಗೆ ಐದು ನಿಮಿಷ ಮೊದಲೇ. ಉಳಿದ ತಾಯಂದಿರ ಗುರುತಾಗುವುದು ಅಲ್ಲಿಯೇ.
(ಸಪ್ತಾಪುರ, ಧಾರವಾಡ)

ಕನ್ನಡ ಬಳಗ ಹುಡುಕಿಕೊಳ್ಳಿ, ಆದರೆ ಅದೊಂದನ್ನೇ ನಂಬಿ ಕೂಡಬೇಡಿ. ಯುಗಾದಿಗೆ, ರಾಜ್ಯೋತ್ಸವಕ್ಕೆ ಎಲ್ಲರೂ ಸೇರುತ್ತಾರೆ. ನಡುರಾತ್ರಿ ಮಗುವಿಗೆ ಜ್ವರ ಬಂದರೆ ಬಾಗಿಲು ಬಡಿಯಬೇಕಾದದ್ದು ಪಕ್ಕದ ಮನೆಯದೇ. ಹೋದ ಮೊದಲ ವಾರವೇ ಅವರ ಗಂಟೆ ಒತ್ತಿ ಹೆಸರು ಹೇಳಿ ಬನ್ನಿ. ರಾತ್ರಿ 10ರ ಮೇಲೆ, ಭಾನುವಾರ ಇಡೀ ದಿನ ಮಿಕ್ಸಿ ಹಚ್ಚಬೇಡಿ, ಅಲ್ಲಿ ಅದು ಸದ್ದು ಮಾಡಬಾರದ ಹೊತ್ತು.
(ಗದಗ)

ಅಕ್ಕಾರ, ಬ್ಯಾಗಿನ್ಯಾಗ ಪೇಢೆ ತುಂಬಬ್ಯಾಡ್ರಿ. ಹೊರಗಿನ ದೇಶದಿಂದ ಹಾಲಿನ ಪದಾರ್ಥ ಒಯ್ಯೂದು ಯುರೋಪಿನ್ಯಾಗ ನಿಷೇಧ. ತುಪ್ಪನೂ ಅದರಾಗ ಬರ್ತದ. ಸಿಕ್ಕರ ಕಸಗೊಂತಾರ. ಹಸಿ ಕರಿಬೇವೂ ಬ್ಯಾಡ. ಕಡಕ್ ರೊಟ್ಟಿ, ಗುರೆಳ್ಳು ಹಿಂಡಿ (ಚಟ್ನಿಪುಡಿ), ಶೇಂಗಾ ಹಿಂಡಿ, ಬ್ಯಾಡಗಿ ಖಾರಪುಡಿ ಒಯ್ರಿ. ಮಿಕ್ಸಿನೂ ಒಯ್ರಿ: ಅಲ್ಲೂ 230 ವೋಲ್ಟೇ, ಆದ್ರ ನಮ್ಮ ಮೂರು ಕಡ್ಡಿ ಪ್ಲಗ್ ಅಲ್ಲಿ ಹೋಗಂಗಿಲ್ಲ, ಅರ್ಥಿಂಗ್ ಇರೋ ಅಡಾಪ್ಟರ್ ಬೇಕು. ಮತ್ತ ನೆರಮನಿಯವರಿಗೆ ಹಿಂಡಿ ಕೊಡೂ ಮುಂಚೆ ಇದರಾಗ ಶೇಂಗಾ ಅದ ಅಂತ ಹೇಳೇ ಕೊಡ್ರಿ. ಕೆಲವರಿಗೆ ಶೇಂಗಾ ತಿಂದರ ಉಸಿರೇ ಕಟ್ತದ. ‘ಎರ್ಡ್‌ನುಸ್’ (ಜರ್ಮನ್ನಿನ್ಯಾಗ ಶೇಂಗಾ) ಅಂತ ಡಬ್ಬಿ ಮ್ಯಾಲೆ ಬರೆದು ಅಂಟಿಸಿದ್ರ ಇನ್ನೂ ಛಲೋ.
(ಬ್ಯಾಡಗಿ, ಹಾವೇರಿ ಜಿಲ್ಲೆ)